ನಾಯಿಯ ಜೀವಕ್ಕೆ ಹೊಣೆ ಯಾರು?

1988ರಲ್ಲಿ ಎರಡು ದೇಶಗಳು ರಸ್ತೆ ಸಂಚಾರಕ್ಕೆ ಸಂಬಂಧಿಸಿದಂತೆ ಹೊಸ ಕಾಯ್ದೆಗಳನ್ನು ರೂಪಿಸಿಕೊಂಡವು. ಒಂದು ನಮ್ಮ ಮೋಟಾರು ವಾಹನ ಕಾಯ್ದೆ, ಇನ್ನೊಂದು ಬ್ರಿಟನ್ನಿನ ರಸ್ತೆ ಸಂಚಾರ ಕಾಯ್ದೆ. ಚಾಲಕನೊಬ್ಬನ ವಾಹನಕ್ಕೆ ನಾಯಿ ಸಿಕ್ಕಿದರೆ ಆತ ಏನು ಮಾಡಬೇಕು ಎಂಬ ಪ್ರಶ್ನೆಗೆ ಬ್ರಿಟನ್ನಿನ ಕಾಯ್ದೆಯ 170ನೇ ಕಲಂ ನೇರವಾಗಿ ಉತ್ತರಿಸುತ್ತದೆ. ವಾಹನ ನಿಲ್ಲಿಸಬೇಕು, ಸಂಬಂಧಪಟ್ಟವರಿಗೆ ಹೆಸರು, ವಿಳಾಸ ಕೊಡಬೇಕು, ಅದು ಸಾಧ್ಯವಾಗದಿದ್ದರೆ 24 ಗಂಟೆಗಳೊಳಗೆ ಪೊಲೀಸರಿಗೆ ವರದಿ ಮಾಡಬೇಕು. ಕುದುರೆ, ದನ, ಕತ್ತೆ, ಹೇಸರಗತ್ತೆ, ಕುರಿ, ಹಂದಿ, ಮೇಕೆಗಳೊಂದಿಗೆ ನಾಯಿಯ ಹೆಸರೂ ಆ ಪಟ್ಟಿಯಲ್ಲಿದೆ. ಬೆಕ್ಕಿಗೆ ಮಾತ್ರ ಆ ಭಾಗ್ಯವಿಲ್ಲ. ನಮ್ಮ ಕಾಯ್ದೆಯ 134ನೇ ಕಲಂ ಕೂಡ ಅಪಘಾತದ ನಂತರ ಚಾಲಕನ ಕರ್ತವ್ಯಗಳನ್ನು ವಿವರಿಸುತ್ತದೆ. ಗಾಯಗೊಂಡ ವ್ಯಕ್ತಿಗೆ ಚಿಕಿತ್ಸೆ ಕೊಡಿಸಬೇಕೆನ್ನುತ್ತದೆ, ಅನ್ಯರ ಸ್ವತ್ತಿಗೆ ಆದ ಹಾನಿಯ ಮಾತನ್ನೂ ಆಡುತ್ತದೆ. ನೋವಿನಿಂದ ನರಳುವ ಪ್ರಾಣಿಯ ವಿಷಯದಲ್ಲಿ ಮಾತ್ರ ಅದು ಮೌನವಾಗಿದೆ.

ಈ ಮೌನದ ಪರಿಣಾಮ 2022ರಲ್ಲಿ ಸ್ಪಷ್ಟವಾಗಿ ಕಾಣಿಸಿತು. ಬೆಂಗಳೂರಿನಲ್ಲಿ ಸಾಕುನಾಯಿಯೊಂದು ಕಾರಿಗೆ ಸಿಕ್ಕಿ ಸತ್ತ ಪ್ರಕರಣದಲ್ಲಿ ಚಾಲಕನ ವಿರುದ್ಧದ ಮೊಕದ್ದಮೆಯನ್ನು ಕರ್ನಾಟಕ ಹೈಕೋರ್ಟ್ ರದ್ದುಪಡಿಸಿತು. ಕಾಯ್ದೆಯು ಹೇಳುವ 'ವ್ಯಕ್ತಿ'ಯ ವ್ಯಾಪ್ತಿಗೆ ಪ್ರಾಣಿ ಬರುವುದಿಲ್ಲ, ಕೊಲ್ಲುವ ಉದ್ದೇಶ ಇಲ್ಲದಿರುವಾಗ ದಂಡ ಸಂಹಿತೆಯ ಪ್ರಾಣಿಹಾನಿಯ ಕಲಂಗಳೂ ಅನ್ವಯಿಸುವುದಿಲ್ಲ ಎಂಬುದು ತೀರ್ಪಿನ ಸಾರ. ಅದೇ ವರ್ಷ ಡಿಸೆಂಬರಿನಲ್ಲಿ ಬಾಂಬೆ ಹೈಕೋರ್ಟ್ ಕೂಡ ಇಂತಹುದೇ ನಿಲುವು ತಳೆಯಿತು. ಆಹಾರ ತಲುಪಿಸಲು ಹೊರಟಿದ್ದ ಯುವಕನೊಬ್ಬನ ಬೈಕಿಗೆ ಬೀದಿನಾಯಿ ಸಿಕ್ಕಿದ ಪ್ರಕರಣವದು. ಅಜಾಗರೂಕ ಚಾಲನೆಯ ಕಲಂ ಮನುಷ್ಯ ಜೀವಕ್ಕೆ ಒದಗುವ ಅಪಾಯದ ಬಗ್ಗೆ ಮಾತ್ರ ಹೇಳುತ್ತದೆ ಎಂದು ನ್ಯಾಯಾಲಯ ತಿಳಿಸಿತು.

ನ್ಯಾಯಾಲಯಗಳು ಎಡವಿದವು ಎಂಬುದು ನನ್ನ ವಾದವಲ್ಲ. ಶಾಸಕಾಂಗ ಬರೆಯದ ಪದವನ್ನು ನ್ಯಾಯಾಧೀಶರು ಶಾಸನದೊಳಗೆ ತುರುಕಲಾರರು. ಅಡ್ಡ ಬಂದ ಪ್ರಾಣಿಯನ್ನು ತಪ್ಪಿಸಲಾಗದೆ ತಾನೂ ಬಿದ್ದ ಬಡ ಯುವಕನನ್ನು ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವೂ ಅಲ್ಲ. ಆದರೆ ಗುದ್ದಿದವನು ಒಂದು ನಿಮಿಷ ನಿಂತು ನೋಡಬೇಕು ಎಂಬಷ್ಟು ಸಣ್ಣ ಅಪೇಕ್ಷೆಯೂ ನಮ್ಮ ಕಾನೂನಿನಲ್ಲಿ ಇಲ್ಲದಿರುವುದು ಯೋಚಿಸಬೇಕಾದ ಸಂಗತಿ.

ಕಾನೂನು ಪ್ರಾಣಿಗೆ ಕಟ್ಟಿದ ಬೆಲೆಯೂ ಸ್ವಾರಸ್ಯಕರವಾಗಿದೆ. 1860ರ ದಂಡ ಸಂಹಿತೆಯ 428ನೇ ಕಲಂ 'ಹತ್ತು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ' ಪ್ರಾಣಿಗಳಿಗೆ ಅನ್ವಯವಾಗುತ್ತಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಈ ಬೆಲೆಪಟ್ಟಿಯನ್ನು ಕೈಬಿಟ್ಟು, ಯಾವುದೇ ಪ್ರಾಣಿಯನ್ನು ಕೇಡಿನಿಂದ ಕೊಂದರೆ ಐದು ವರ್ಷದವರೆಗೆ ಸೆರೆವಾಸ ವಿಧಿಸಬಹುದು ಎಂದಿದೆ. ಇದು ಸ್ವಾಗತಾರ್ಹ. ಆದರೆ ಅಪಘಾತಕ್ಕೆ ಅದು ತಾಗುವುದಿಲ್ಲ. ಇನ್ನು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಬಾರಿಯ ಅಪರಾಧಕ್ಕೆ ಇಂದಿಗೂ ಗರಿಷ್ಠ ದಂಡ 50 ರೂಪಾಯಿ. ಅಂದು ಅದು ಭಾರವಾದ ಮೊತ್ತವೇ ಆಗಿತ್ತು. ಇಂದು ಬೆಂಗಳೂರಿನಲ್ಲಿ ಒಂದು ಎಳನೀರಿಗೂ ಸಾಲದು.

ನಾನು ಜಿಲ್ಲೆಗಳಲ್ಲಿ ಸೇವೆಯಲ್ಲಿದ್ದಾಗ ಲಾರಿಗೆ ಸಿಕ್ಕಿ ಸತ್ತ ಎಮ್ಮೆಗಾಗಿ ಅರ್ಜಿ ಹಿಡಿದು ಬರುವ ರೈತರನ್ನು ಕಾಣುತ್ತಿದ್ದೆ. ಪಶುವೈದ್ಯರ ಪ್ರಮಾಣಪತ್ರ, ಪಂಚನಾಮೆ, ಬೆಲೆಯ ಅಂದಾಜು ಎಲ್ಲವೂ ಕ್ರಮಬದ್ಧವಾಗಿ ನಡೆಯುತ್ತಿತ್ತು. ಹಾಲು ಕೊಡುವ, ನೇಗಿಲೆಳೆಯುವ ಪ್ರಾಣಿಗೆ ಕಡತದಲ್ಲಿ ಸ್ಥಾನವಿತ್ತು. ನಾಯಿಗಾಗಿ ಯಾರೂ ಅರ್ಜಿ ತಂದದ್ದು ನನಗೆ ನೆನಪಿಲ್ಲ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು ಎಂದು ಕೇಂದ್ರ ಸರ್ಕಾರದ ವರದಿ ಒಂದಂಕಿಯೂ ಬಿಡದೆ ಹೇಳುತ್ತದೆ. ಸತ್ತ ನಾಯಿಗಳನ್ನು ಎಣಿಸುವ ವ್ಯವಸ್ಥೆಯಿಲ್ಲ. ಎಣಿಕೆಗೆ ಸಿಗದ್ದು ನೀತಿಗೂ ಸಿಗುವುದಿಲ್ಲ ಎಂಬುದು ಆಡಳಿತದ ಹಳೆಯ ಪಾಠ.

ಅರ್ಥಶಾಸ್ತ್ರದಲ್ಲಿ ಒಂದು ತತ್ವವಿದೆ: ಅಪಘಾತವನ್ನು ಅತಿ ಕಡಿಮೆ ಖರ್ಚಿನಲ್ಲಿ ತಪ್ಪಿಸಬಲ್ಲವನ ಮೇಲೆಯೇ ಹೊಣೆ ಹೊರಿಸುವುದು ಲೇಸು. ಸಾಕುನಾಯಿಯ ಮಟ್ಟಿಗೆ ಆ ವ್ಯಕ್ತಿ ಸಾಮಾನ್ಯವಾಗಿ ಚಾಲಕನಲ್ಲ, ಸಾಕಿದ ಯಜಮಾನ. ಕೆಲವು ನೂರು ರೂಪಾಯಿಯ ಹಗ್ಗ, ಭದ್ರವಾದ ಗೇಟಿನ ಚಿಲಕ, ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ ಇರುವ ಬಿಲ್ಲೆ, ಇವಿಷ್ಟೇ ಬಹುಪಾಲು ಸಾವುಗಳನ್ನು ತಡೆಯಬಲ್ಲವು. ನಮ್ಮ ಬಡಾವಣೆಯಲ್ಲಿ ಬೆಳಗಿನ ವಾಯುವಿಹಾರದ ವೇಳೆ ನಾಯಿಯನ್ನು ಬಿಟ್ಟುಕೊಂಡು, ಹಗ್ಗವನ್ನು ತಮ್ಮ ಕೊರಳಿಗೇ ಸುತ್ತಿಕೊಂಡು ನಡೆಯುವ ಮಹನೀಯರಿದ್ದಾರೆ. 'ನಮ್ಮದು ಕರೆದರೆ ಬರುತ್ತದೆ' ಎಂಬುದು ಅವರ ಸಮರ್ಥನೆ. ಬರುತ್ತದೆ, ನಿಜ. ಆದರೆ ರಸ್ತೆಯ ಆಚೆ ಬದಿಯಲ್ಲಿ ಬೆಕ್ಕು ಕಂಡಾಗಲೂ ಬರುತ್ತದೆಯೇ? ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆಯ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ಹೊರತಂದಿತು. ಅದು ಕಣ್ಣಿಗೆ ಕಂಡ ಬೇಟೆಯನ್ನು ಬೆನ್ನಟ್ಟಲೆಂದೇ ತಲೆಮಾರುಗಳಿಂದ ಬೆಳೆಸಿದ ತಳಿ. ಓಟ ಆರಂಭಿಸಿದ ಮೇಲೆ ಯಜಮಾನನ ಕೂಗು ಅದಕ್ಕೆ ಕೇಳಿಸಿದರೂ ಕೇಳಿಸದಂತೆಯೇ. ಇನ್ನು ದೀಪಾವಳಿಯ ದಿನಗಳಲ್ಲಿ ಪಟಾಕಿಯ ಸದ್ದಿಗೆ ಬೆದರಿ ಗೇಟು ಹಾರಿ ಓಡುವ ನಾಯಿಗೆ ದಿಕ್ಕೇ ತೋಚುವುದಿಲ್ಲ. ಆ ಮೂರು ಸಂಜೆಗಳಲ್ಲಿ ಅದನ್ನು ಒಳಕೋಣೆಯಲ್ಲಿ ಇರಿಸಿಕೊಳ್ಳುವುದಕ್ಕೆ ಖರ್ಚೇನೂ ತಗಲುವುದಿಲ್ಲ.

ರಸ್ತೆಯ ಮೇಲಿನ ನಾಯಿಯ ಮಾತು ಹೀಗಾದರೆ, ಕಾರಿನೊಳಗಿನ ನಾಯಿಯ ಪಾಡು ಬೇರೆ. ಧರ್ಮರಾಯ ಸ್ವರ್ಗದ ಬಾಗಿಲಲ್ಲಿ ನಾಯಿಯನ್ನು ಬಿಟ್ಟು ಇಂದ್ರನ ರಥವೇರಲು ಒಪ್ಪಲಿಲ್ಲ ಎಂಬ ಕಥೆ ನಮಗೆಲ್ಲ ಗೊತ್ತು. ಈಗಿನ ಮಧ್ಯಮ ವರ್ಗವೂ ನಾಯಿಯನ್ನು ಬಿಟ್ಟು ವಾರಾಂತ್ಯದ ಪ್ರವಾಸಕ್ಕೆ ಹೊರಡುವುದಿಲ್ಲ. ಪ್ರೀತಿಯ ವಿಷಯದಲ್ಲಿ ಕೊರತೆಯಿಲ್ಲ, ಅದನ್ನು ಕೂರಿಸುವ ಕ್ರಮದಲ್ಲಿದೆ ಕೊರತೆ. ಚಾಲಕನ ತೊಡೆಯ ಮೇಲೆ ಕುಳಿತ ಪಗ್, ಕಿಟಕಿಯಿಂದ ಅರ್ಧ ದೇಹ ಹೊರಚಾಚಿದ ಲ್ಯಾಬ್ರಡಾರ್, ಇವು ನಗರದ ಯಾವ ಸಿಗ್ನಲ್ಲಿನಲ್ಲಿಯಾದರೂ ಕಾಣಸಿಗುವ ದೃಶ್ಯಗಳು.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಯಾವುದಕ್ಕಾದರೂ ಅಪ್ಪಳಿಸಿ ನಿಂತರೆ, ಒಳಗೆ ಕಟ್ಟಿಲ್ಲದೆ ಕುಳಿತ ಜೀವಿ ಅದೇ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಮೂರನೆಯ ಮಹಡಿಯಿಂದ ಬಿದ್ದ ವಸ್ತು ನೆಲ ಮುಟ್ಟುವಾಗಿನ ವೇಗವದು. 30 ಕಿಲೋ ತೂಕದ ನಾಯಿ ಆ ವೇಗದಲ್ಲಿ ಮುಂದಿನ ಆಸನದವರ ಬೆನ್ನಿಗೆ ಬಡಿದರೆ ಏನಾದೀತು ಎಂಬುದನ್ನು ವಿವರಿಸಬೇಕಿಲ್ಲ. ಮುಂದಿನ ಆಸನದಲ್ಲಿದ್ದರೆ ಅಪಾಯ ಇನ್ನೂ ಹೆಚ್ಚು. ಈಗಿನ ಹೊಸ ಕಾರುಗಳಲ್ಲಿ ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕಡ್ಡಾಯ. ಮನುಷ್ಯನ ಎದೆಯ ಅಳತೆಗೆ ರೂಪಿಸಿದ ಆ ಚೀಲ ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬಿ ನಾಯಿಯ ತಲೆಗೆ ಬಡಿಯುತ್ತದೆ. ತೊಡೆಯ ಮೇಲಿನ ನಾಯಿಯಂತೂ ಚಾಲಕನಿಗೂ ಆ ಚೀಲಕ್ಕೂ ನಡುವೆ ಸಿಕ್ಕಿಕೊಳ್ಳುತ್ತದೆ.

ಪರಿಹಾರ ಸರಳ. ನಾಯಿಯ ಜಾಗ ಹಿಂದಿನ ಆಸನ. ಎದೆಯನ್ನು ಬಳಸಿ ಕಟ್ಟುವ ಅಗಲವಾದ ಪಟ್ಟಿಯನ್ನು ಕಾರಿನ ಸೀಟ್ ಬೆಲ್ಟಿಗೆ ಜೋಡಿಸಬೇಕು. ಕೊರಳಪಟ್ಟಿಗೆ ಎಂದಿಗೂ ಜೋಡಿಸಬಾರದು, ಹಠಾತ್ತನೆ ಬ್ರೇಕ್ ಹಾಕಿದರೆ ಕತ್ತೇ ಮುರಿದೀತು. ಸಣ್ಣ ನಾಯಿಗಾದರೆ ಗಟ್ಟಿ ಪೆಟ್ಟಿಗೆಯನ್ನು ಮುಂದಿನ ಆಸನದ ಹಿಂಬದಿಯ ನೆಲದ ಮೇಲೆ ಭದ್ರವಾಗಿ ಇಡುವುದು ಮೇಲು. ಅಗ್ಗದ ಪಟ್ಟಿ ದೊಡ್ಡ ಅಪಘಾತದ ಪೂರ್ಣ ಪೆಟ್ಟನ್ನು ತಡೆಯದಿರಬಹುದು. ಆದರೂ ಅದು ನಾಯಿ ಚಾಲಕನ ಕಾಲಡಿಗೆ ನುಗ್ಗುವುದನ್ನು, ಬಾಗಿಲು ತೆರೆದೊಡನೆ ಹೆದ್ದಾರಿಗೆ ಜಿಗಿಯುವುದನ್ನು ಖಂಡಿತ ತಡೆಯುತ್ತದೆ. ಬ್ರಿಟನ್ನಿನ ಹೆದ್ದಾರಿ ಸಂಹಿತೆಯ 57ನೇ ನಿಯಮ ಹೇಳುವುದೂ ಇದನ್ನೇ.

ನಿಂತ ಕಾರೂ ಕೊಲ್ಲಬಲ್ಲದು. ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಏರುತ್ತದೆ. ಅದರಲ್ಲಿ ಶೇ 80ರಷ್ಟು ಏರಿಕೆ ಮೊದಲ ಅರ್ಧ ಗಂಟೆಯಲ್ಲಿಯೇ ಆಗುತ್ತದೆ. ಕಿಟಕಿಯನ್ನು ಒಂದಂಗುಲ ಇಳಿಸಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ನಮ್ಮಂತೆ ಮೈಯೆಲ್ಲ ಬೆವರಿ ತಣಿಯುವ ಸೌಲಭ್ಯ ನಾಯಿಗಿಲ್ಲ. ಅದು ಏದುಸಿರು ಬಿಟ್ಟೇ ತಣಿಯಬೇಕು. ಬಿಸಿಗಾಳಿಯನ್ನೇ ಉಸಿರಾಡುತ್ತ ತಣಿಯುವುದೆಂತು? 'ಐದೇ ನಿಮಿಷ, ತರಕಾರಿ ಕೊಂಡು ಬಂದೆ' ಎನ್ನುವವರು ಇದನ್ನು ಗಮನಿಸಬೇಕು.

ಯಜಮಾನನ ಹೊಣೆ ಇಷ್ಟಾದರೆ, ಸರ್ಕಾರದ ಹೊಣೆ ಏನು? ಹೆದ್ದಾರಿಗಳಿಂದ ಬಿಡಾಡಿ ಪ್ರಾಣಿಗಳನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಆದೇಶಿಸಿತು. ಅದು ಬೀದಿಯ ಪ್ರಾಣಿಗಳ ಮಾತು, ಅದರ ಚರ್ಚೆ ಪ್ರತ್ಯೇಕವಾಗಿ ನಡೆಯಬೇಕು. ನನ್ನ ಸಲಹೆಗಳು ಎರಡೇ. ಮೊದಲನೆಯದು, 134ನೇ ಕಲಮಿಗೆ ಒಂದು ವಾಕ್ಯ ಸೇರಿಸಿ, ಪ್ರಾಣಿಗೆ ಪೆಟ್ಟಾದಾಗಲೂ ಚಾಲಕ ನಿಂತು ಹತ್ತಿರದ ಠಾಣೆಗೋ ಪಶುವೈದ್ಯರಿಗೋ ತಿಳಿಸುವುದನ್ನು ಕರ್ತವ್ಯವಾಗಿಸಬೇಕು. ಸುರಕ್ಷಿತವಾಗಿ ನಿಲ್ಲಿಸಲಾಗದ ಕಡೆ ಫೋನ್ ಕರೆ ಸಾಕು. ಇದಕ್ಕೆ ಸೆರೆವಾಸದ ಬೆದರಿಕೆ ಬೇಡ, ಸಾಧಾರಣ ದಂಡ ಸಾಕು. ನಿಲ್ಲದೆ ಹೋದದ್ದಕ್ಕೆ ದಂಡವೇ ಹೊರತು ಗುದ್ದಿದ್ದಕ್ಕಲ್ಲ. ಎರಡನೆಯದು, ಕಾರಿನಲ್ಲಿ ಪ್ರಾಣಿಯನ್ನು ಕಟ್ಟಿ ಕೂರಿಸುವ ನಿಯಮವನ್ನು ಸ್ಪಷ್ಟ ಮಾತುಗಳಲ್ಲಿ ಬರೆದು, ಚಾಲನಾ ಪರವಾನಗಿಯ ಪರೀಕ್ಷೆಯಲ್ಲಿ ಅದರ ಬಗ್ಗೆ ಒಂದು ಪ್ರಶ್ನೆ ಕೇಳಬೇಕು. ಇವೆರಡಕ್ಕೂ ಖಜಾನೆಯಿಂದ ಹಣ ಬೇಕಿಲ್ಲ.

ರಸ್ತೆಯಲ್ಲಿ ಮನುಷ್ಯರೇ ಸಾಯುತ್ತಿರುವಾಗ ನಾಯಿಯ ಚಿಂತೆಯೇಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ಸಹಜವಾದದ್ದೇ. ಆದರೆ ಪ್ರಾಣಿಗೆ ಪೆಟ್ಟಾದಾಗ ನಿಲ್ಲುವುದನ್ನು ಕಲಿತ ಚಾಲಕ ಮನುಷ್ಯನಿಗೆ ಪೆಟ್ಟಾದಾಗ ಓಡಿಹೋಗುವ ಸಾಧ್ಯತೆ ಕಡಿಮೆ. ನಾಯಿಗೆ ಪಟ್ಟಿ ಕಟ್ಟುವ ಮನೆಯವರು ಹಿಂದಿನ ಆಸನದ ಮಕ್ಕಳಿಗೂ ಬೆಲ್ಟ್ ಹಾಕಿಸುತ್ತಾರೆ. ಎಚ್ಚರ ಎಂಬುದು ಒಂದೇ ಅಭ್ಯಾಸ, ಅದು ಒಬ್ಬರಿಗೊಂದು, ಇನ್ನೊಬ್ಬರಿಗೊಂದು ಎಂದು ಬೇರೆಬೇರೆಯಾಗಿ ಬರುವುದಿಲ್ಲ.