ಕಡಲಿಗಿಳಿಯಲೂ ಅಳತೆ ಬೇಕು

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಬಳಿ, ತೊಯ್ದಾಡುವ ದೋಣಿಯಲ್ಲಿ ನಿಂತು, ಸ್ಕೂಬಾ ಡೈವಿಂಗಿಗೆ ಬಾಡಿಗೆಯ ವೆಟ್‌ಸೂಟ್ ಹಾಕಿಕೊಳ್ಳಲು ಹೆಣಗಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೊದಲನೆಯದು ಸೊಂಟ ದಾಟಲಿಲ್ಲ. ದೊಡ್ಡದು ಕೊಟ್ಟರು. ಉಸಿರು ಬಿಗಿಹಿಡಿದು ಜಿಪ್ ಏರಿಸಿದ್ದಾಯಿತು. ಎದೆ ಬಿಗಿ, ನಡುಬೆನ್ನಿನ ಹತ್ತಿರ ಮಾತ್ರ ಮುಷ್ಟಿ ತೂರುವಷ್ಟು ಸಡಿಲ. “ಸ್ವಲ್ಪ ತೂಕ ಇಳಿಸಿ ಮೇಡಂ” ಎಂದ ಸಹಾಯಕ. ತಪ್ಪು ನನ್ನ ಮೈಯದೇ ಎಂದು ನಾನೂ ನಂಬಿದೆ. ಅರ್ಧ ಗಂಟೆಯಲ್ಲೇ ನಡುಕ ಹತ್ತಿತು.

ಬ್ಲೌಸ್ ಹೊಲಿಸುವಾಗ ನಾವು ಎತ್ತರ, ತೂಕ ಹೇಳುತ್ತೇವೆಯೇ? ಅಳತೆ ಬ್ಲೌಸ್ ಕೊಡುತ್ತೇವೆ. ಎದೆಗೆ ಟಕ್ಸ್ ಹಿಡಿದು, ಸೊಂಟಕ್ಕೆ ತಗ್ಗಿಸಿ, ಒಳಗೆ ನಾಲ್ಕು ಬೆರಳು ಬಟ್ಟೆ ಬಿಟ್ಟು ಹೊಲಿಯುತ್ತಾರೆ. ಬಾಡಿಗೆ ಸೂಟುಗಳನ್ನು ಹೆಚ್ಚಾಗಿ ಎತ್ತರ, ತೂಕ ನೋಡಿಯೇ ಆರಿಸಿಕೊಡುತ್ತಾರೆ. ಒಂದೇ ತೂಕದ ಇಬ್ಬರು ಹೆಂಗಸರ ಎದೆ, ನಡು, ತೊಡೆ ಎಷ್ಟು ಬೇರೆಯಿರಬಹುದು ಎನ್ನುವುದು ಯಾವ ಟೈಲರ್‌ಗೂ ಗೊತ್ತು.

ಸೂಟು ಮೈಗೆ ಅಂಟಿ ಕೂರಬೇಕಾದ್ದು ಅಂದಕ್ಕಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ; 28 ಡಿಗ್ರಿಯ ಬೆಚ್ಚನೆಯ ಕಡಲೂ 37 ಡಿಗ್ರಿಯ ಮೈಯಿಂದ ಬಿಸಿ ಕದಿಯುತ್ತಲೇ ಇರುತ್ತದೆ. ಮೈ ಬೆಚ್ಚಗಿರಲು ಒಣಗಿರಲೇಬೇಕೆಂದಿಲ್ಲ, ಬಟ್ಟೆಯೊಳಗೆ ಅನಿಲ ಸೆರೆಯಾಗಿದ್ದರೆ ಸಾಕು ಎಂದು 1950ರ ದಶಕದ ಆರಂಭದಲ್ಲಿ ಕಂಡುಕೊಂಡವರು ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್. ನಿಯೋಪ್ರೀನ್ ರಬ್ಬರಿನ ತುಂಬ ಇರುವ ಮುಚ್ಚಿದ ಪುಟ್ಟ ಗುಳ್ಳೆಗಳು ಮಾಡುವುದು ಅದನ್ನೇ. ಸೂಟಿನೊಳಗೆ ನುಸುಳಿದ ತೆಳು ನೀರು ಮೈಬಿಸಿಗೆ ಕಾದು ಅಲ್ಲೇ ನಿಲ್ಲಬೇಕು. ನಡುಬೆನ್ನಲ್ಲಿ ಪೊಳ್ಳು ಜಾಗವಿದ್ದರೆ ಅದು ಪಂಪಿನಂತಾಗಿ, ಕಾಲು ಬಡಿದಾಗಲೆಲ್ಲ ಕಾದ ನೀರನ್ನು ಹೊರಗಟ್ಟಿ ತಣ್ಣೀರು ಎಳೆದುಕೊಳ್ಳುತ್ತದೆ.

ಬಿಗಿಯಾದರೆ ಅಪಾಯ ಇನ್ನೂ ಹೆಚ್ಚು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು; ನಾವು ಎಳೆದುಕೊಳ್ಳುವ ಗಾಳಿಯೂ ಅಷ್ಟೇ ದಟ್ಟ. ಪಕ್ಕೆಲುಬು ಹಿಗ್ಗಲು ಜಾಗವಿಲ್ಲದಿದ್ದರೆ ಉಸಿರು ಮೇಲುಮೇಲಾಗಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ, ಗಾಬರಿ ಹತ್ತುತ್ತದೆ. ಕತ್ತಿನ ಪಟ್ಟಿ ಒತ್ತಿದರೆ ಅಲ್ಲಿನ ರಕ್ತದೊತ್ತಡದ ಸಂವೇದಕಗಳು ಮೋಸಹೋಗಿ ಹೃದಯದ ಬಡಿತವನ್ನು ನಿಧಾನಿಸುತ್ತವೆ, ತಲೆ ಸುತ್ತುತ್ತದೆ.

ಇನ್ನು ಕೊಬ್ಬಿನ ವಿಷಯ. ಕೊಬ್ಬು ಕಡಲ ನೀರಿಗಿಂತ ಹಗುರ: ಪ್ರತಿ ಕೆಜಿ ಸುಮಾರು 140 ಗ್ರಾಂನಷ್ಟು ನಮ್ಮನ್ನು ಮೇಲೆತ್ತುತ್ತದೆ. ಅದಕ್ಕೇ ಮುಳುಗಲು ಕಟ್ಟಿಕೊಳ್ಳುವ ಸೀಸ ಒಂದೆರಡು ಕೆಜಿ ಹೆಚ್ಚು ಬೇಕಾಗಬಹುದು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಯೋಪ್ರೀನಿನ ಗುಳ್ಳೆಗಳು ಆಳಕ್ಕೆ ಹೋದಂತೆ ಕುಗ್ಗಿ ತೇಲುವಿಕೆ ಕಳೆದುಕೊಳ್ಳುತ್ತವೆ, ಕೊಬ್ಬು ಹಾಗೆ ಕುಗ್ಗುವುದಿಲ್ಲ. ತೊಡೆ, ಪೃಷ್ಠ ತುಂಬಿಕೊಂಡವರಿಗೆ ಕಾಲು ಮೇಲೇಳುತ್ತದೆ. ಸೀಸವನ್ನು ತುಸು ಕೆಳಗೆ ಸರಿಸಿದರೆ ಅಥವಾ ಪಾದಕ್ಕೆ ಭಾರದ ಫಿನ್ (ಈಜುರೆಕ್ಕೆ) ತೊಟ್ಟರೆ ದೇಹ ಮಟ್ಟಸವಾಗುತ್ತದೆ.

ಹಾಗಾಗಿ ಎದೆ, ಎದೆಯ ಕೆಳಗಿನ ಸುತ್ತು, ನಡು, ಪೃಷ್ಠ, ಕತ್ತು, ಜೊತೆಗೆ ಕತ್ತಿನ ಬುಡದಿಂದ ಕಾಲಸಂದಿಯವರೆಗಿನ ಉದ್ದ ಬರೆದಿಟ್ಟುಕೊಳ್ಳಿ. ಮೇಲೆ ಕೆಳಗೆ ಬೇರೆ ಬೇರೆ ಸೈಜ್ ಬೇಕಾದವರಿಗೆ ಎರಡು ತುಂಡಿನ ಸೂಟು ವರವೇ ಸರಿ. ನಮ್ಮ ಕಡಲಿಗೆ 3 ಮಿಲಿಮೀಟರ್ ದಪ್ಪ ಸಾಕು. ಪಾದಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡರೆ ಕಾಲು ಸಲೀಸಾಗಿ ಜಾರಿ ಇಳಿಯುತ್ತದೆ. ತೇಲುವಿಕೆ ನಿಯಂತ್ರಿಸುವ ಜಾಕೆಟ್ಟನ್ನು ದಡದಲ್ಲೇ ಪೂರ್ತಿ ಉಬ್ಬಿಸಿ, ಆಳವಾಗಿ ಉಸಿರೆಳೆದು ನೋಡಿ. ಎದೆ ಹಿಸುಕಿದರೆ, ಗಾಳಿಚೀಲ ಪೂರ್ತಿ ಬೆನ್ನ ಹಿಂದೆಯೇ ಇರುವ ಬಗೆಯದನ್ನು ಕೇಳಿ.

ಅಳತೆ ಕೊಟ್ಟು ಹೊಲಿಸಿದ ಸೂಟಿನಲ್ಲಿ ಮತ್ತೆ ನೇತ್ರಾಣಿಗೆ ಹೋದೆ. ಎಂಟು ಮೀಟರ್ ಕೆಳಗೆ ಗಿಳಿಮೀನೊಂದು ಬಂಡೆಯನ್ನು ಕಟಕಟನೆ ಕಡಿಯುವುದು ಕೇಳಿಸಿತು. ಮೊದಲ ಸಲ ನನಗೆ ಕೇಳಿಸಿದ್ದು ನನ್ನದೇ ಏದುಸಿರು ಮಾತ್ರ.