ಸ್ವಾಮಿಯ ಕ್ರಿಕೆಟ್ ಸಂಘ

ಆರ್. ಕೆ. ನಾರಾಯಣರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯನ್ನು ಓದಿ ನಗದವರು ವಿರಳ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಂತಹ ಊರುಗಳಲ್ಲಿ ಬಾಲ್ಯವನ್ನು ಕಳೆದು ಈಗ ಪಟ್ಟಣವಾಸಿಗಳಾಗಿರುವ ಶ್ರೋತೃಗಳಿಗೆ ಅದರ ಮಾಲ್ಗುಡಿಯು ತಮ್ಮ ಊರೇ ಎಂದು ತೋರಿದರೆ ಆಶ್ಚರ್ಯವಿಲ್ಲ. ಸರಯೂ ನದಿಯ ಪ್ರಸ್ತಾಪ ಬಂದೆಡೆ ಹೊನ್ನಾಳಿಯವರು ತುಂಗಭದ್ರೆಯನ್ನೇ ಕಂಡಾರು. ಬಯಲುಸೀಮೆಯ ಜಗಳೂರಿನವರು ನದಿಯನ್ನು ಊಹಿಸಿಕೊಳ್ಳಬೇಕಾದೀತು. ಬೆತ್ತ ಹಿಡಿದ ಹೆಡ್‌ಮಾಸ್ತರರನ್ನು ಊಹಿಸಿಕೊಳ್ಳುವ ಶ್ರಮ ಮಾತ್ರ ಯಾವ ಊರಿನವರಿಗೂ ಇಲ್ಲ.

ಈ ಪುಸ್ತಕವನ್ನು ಮಕ್ಕಳ ವಿನೋದವೆಂದು ಬದಿಗಿಡುವ ವಾಡಿಕೆಯುಂಟು. ವಿನೋದವೇನೋ ಹೌದು, ಆದರೆ ಅದರೊಳಗಿನ ಹುಡುಗರಿಗೆ ತಮ್ಮ ಯಾವ ಕೆಲಸವೂ ವಿನೋದವಲ್ಲ. ಅವರು ಪರಮ ಗಂಭೀರರಾಗಿರುವುದರಿಂದಲೇ ನಾವು ನಗುತ್ತೇವೆ. ಆ ಗಾಂಭೀರ್ಯವು ಎಲ್ಲಿಗೆ ಮುಟ್ಟುವುದೆಂಬುದನ್ನು ನೋಡದೆ ಪುಸ್ತಕವನ್ನು ಮುಚ್ಚಿದರೆ ಅರ್ಧ ಓದಿದಂತೆಯೇ ಸರಿ.

ನಾರಾಯಣರು ಇದನ್ನು ಆರಂಭಿಸಿದ್ದು 1930ರಲ್ಲಿ, ಬೆಂಗಳೂರಿನ ಅಜ್ಜಿಯ ಮನೆಯಲ್ಲಿ, ಅಜ್ಜಿಯೇ ಆರಿಸಿಕೊಟ್ಟ ಒಂದು ಶುಭದಿನದಂದು. ಮೊದಲು ಮನಸ್ಸಿಗೆ ಬಂದದ್ದು ಒಂದು ರೈಲ್ವೆ ಸ್ಟೇಷನ್. ಊರು ಅದರ ಹಿಂದೆ ಹುಟ್ಟಿತು. ಹಸ್ತಪ್ರತಿಯು ಲಂಡನ್ನಿನ ಪ್ರಕಾಶಕರಿಂದ ಮತ್ತೆ ಮತ್ತೆ ತಿರಸ್ಕೃತವಾದಾಗ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡೆಂದು ಅವರು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣರಿಗೆ ಬರೆದರಂತೆ. ಗೆಳೆಯರು ನದಿಗೆ ಹೋಗದೆ ಗ್ರಹಾಂ ಗ್ರೀನರ ಬಳಿಗೆ ಹೋದರು. ಗ್ರೀನರ ಶಿಫಾರಸಿನಿಂದ 1935ರಲ್ಲಿ ಹ್ಯಾಮಿಷ್ ಹ್ಯಾಮಿಲ್ಟನ್ ಸಂಸ್ಥೆ ಅದನ್ನು ಅಚ್ಚುಹಾಕಿತು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದ್ದೂ ಅದೇ ವರ್ಷ.

ಕಥೆಯ ಉತ್ತರಾರ್ಧವೆಲ್ಲ ಕ್ರಿಕೆಟ್ ಸಂಘದ ಸುತ್ತ ತಿರುಗುತ್ತದೆ. ಪೊಲೀಸ್ ಅಧಿಕಾರಿಯ ಮಗ ರಾಜಂ, ತೋಳ್ಬಲದ ಮಣಿ, ಇವರಿಬ್ಬರ ನಡುವೆ ಸ್ವಾಮಿ. ಸಂಘದ ಹೆಸರು ಎಂ. ಸಿ. ಸಿ. ಈ ಮೂರು ಅಕ್ಷರಗಳು ಲಂಡನ್ನಿನ ಮಾರ್ಲ್‌ಬೋನ್ ಕ್ಲಬ್ಬಿಗೆ, ಅಂದರೆ ಆಟದ ನಿಯಮಗಳನ್ನೇ ರೂಪಿಸುವ ಸಂಸ್ಥೆಗೆ ಸೇರಿದವೆಂಬುದು ಹುಡುಗರಿಗೆ ತಿಳಿಯದ್ದಲ್ಲ. ಮಾಲ್ಗುಡಿಗೂ ಮೊದಲಕ್ಷರ ಅದೇ ಆದ್ದರಿಂದ ಅವರಿಗೆ ಯಾವ ಸಂಕೋಚವೂ ಇಲ್ಲ. ಸಂಘವಿಟ್ಟರೆ ಸರ್ಕಾರಕ್ಕೆ ತೆರಿಗೆ ಕೊಡಬೇಕೇ ಎಂಬ ಚಿಂತೆ ಮಾತ್ರ ಅವರನ್ನು ಕಾಡುತ್ತದೆ.

ಬ್ಯಾಟು ಚೆಂಡುಗಳಿಗಾಗಿ ಅವರು ಮದರಾಸಿನ ಅಂಗಡಿಗೆ ಪತ್ರ ಬರೆಯುವ ಪ್ರಸಂಗ ನನಗೆ ಪುಸ್ತಕದಲ್ಲೆಲ್ಲ ಅತ್ಯಂತ ಪ್ರಿಯವಾದುದು. ಅಂಗಡಿಯವರು ವ್ಯಾಪಾರಿ ಇಂಗ್ಲಿಷಿನಲ್ಲಿ ಮುಂಗಡ ಹಣ ಕೇಳಿ ಉತ್ತರಿಸುತ್ತಾರೆ. ಆ ಶಬ್ದಗಳ ಅರ್ಥವಾಗದೆ, ಇದು ಯಾರಿಗೋ ಬರೆದ ಪತ್ರ, ತಪ್ಪಿ ನಮಗೆ ಬಂದಿದೆ ಎಂದು ಹುಡುಗರು ತೀರ್ಮಾನಿಸಿ, ಅದನ್ನು ಸೌಜನ್ಯಪೂರ್ವಕವಾಗಿ ಹಿಂದಿರುಗಿಸುತ್ತಾರೆ! ಶಾಲೆಯಲ್ಲಿ ವರ್ಷಗಟ್ಟಲೆ ಕಲಿತ ಭಾಷೆಯು ಒಂದು ಚೆಂಡನ್ನು ತರಿಸಿಕೊಳ್ಳುವುದಕ್ಕೂ ಒದಗಲಿಲ್ಲ. ಕನ್ನಡ ಶಾಲೆಯಿಂದ ಹೊರಟು ಹೈಸ್ಕೂಲಿನಲ್ಲೋ ಕಾಲೇಜಿನಲ್ಲೋ ಇಂಗ್ಲಿಷಿಗೆ ಎದುರಾದವರು ಈ ಪುಟದಲ್ಲಿ ನಕ್ಕರೂ ಸ್ವಲ್ಪ ತಡೆದೇ ನಗುವರು.

ಸ್ವಾಮಿಯ ಬೌಲಿಂಗನ್ನು ಮೆಚ್ಚಿ ಗೆಳೆಯರು ಅವನಿಗೆ ಟೇಟ್ ಎಂಬ ಬಿರುದನ್ನೀಯುತ್ತಾರೆ. ಮಾರಿಸ್ ಟೇಟ್ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಬೌಲರು. 1924-25ರಲ್ಲಿ ಆಸ್ಟ್ರೇಲಿಯದಲ್ಲಿ ನಡೆದ ಟೆಸ್ಟ್ ಸರಣಿಯಲ್ಲಿ 38 ವಿಕೆಟ್ಟುಗಳನ್ನು ಕಿತ್ತವರು. ಬಿರುದೆಂಬುದು ಭಾರವಾದ ವಸ್ತು. ಯಂಗ್ ಮೆನ್ಸ್ ಯೂನಿಯನ್ನಿನ ಮೇಲೆ ಪಂದ್ಯ ಗೊತ್ತಾದ ಮೇಲೆ ಸ್ವಾಮಿಯು ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಬರಲೇಬೇಕು. ಆದರೆ ಅವನು ಆ ವೇಳೆಗೆ ಬೋರ್ಡ್ ಹೈಸ್ಕೂಲಿನ ವಿದ್ಯಾರ್ಥಿ. 1930ರ ಚಳವಳಿಯ ದಿನ ಆಲ್ಬರ್ಟ್ ಮಿಷನ್ ಶಾಲೆಯ ಗಾಜು ಒಡೆದು, ವಿದೇಶಿಯೆಂದು ಭ್ರಮಿಸಿ ತನ್ನ ಖಾದಿ ಟೋಪಿಯನ್ನೇ ಬೆಂಕಿಗೆಸೆದ ಪರಾಕ್ರಮದ ಫಲವದು. ಹೊಸ ಶಾಲೆಯಲ್ಲಿ ಪಾಠ ಮುಗಿದ ಮೇಲೆ ಡ್ರಿಲ್ಲು, ತಪ್ಪಿಸಿಕೊಂಡರೆ ಬೆತ್ತ. ನಾರಾಯಣರು ಸ್ವತಃ ಚನ್ನಪಟ್ಟಣದಲ್ಲಿ ಕೆಲಕಾಲ ಉಪಾಧ್ಯಾಯರಾಗಿದ್ದು, ವ್ಯಾಯಾಮ ಶಿಕ್ಷಕರ ಬದಲಿಗೆ ನಿಲ್ಲಬೇಕೆಂದಾಗ ಆ ಕೆಲಸವನ್ನೇ ಬಿಟ್ಟುಬಂದವರೆಂಬುದನ್ನು ಇಲ್ಲಿ ನೆನೆಯಬಹುದು.

ಸ್ವಾಮಿಯು ಹೆಡ್‌ಮಾಸ್ತರರ ಬೆತ್ತವನ್ನು ಕಸಿದು ಕಿಟಕಿಯಾಚೆಗೆ ಎಸೆದು ಓಡುತ್ತಾನೆ. ಶಾಲೆಯ ದೃಷ್ಟಿಯಿಂದ ಅಪರಾಧ. ಹುಡುಗರ ದೃಷ್ಟಿಯಿಂದ ದಿಗ್ವಿಜಯ. ಇಲ್ಲಿಂದ ಮುಂದೆ ಲೇಖಕರ ಧ್ವನಿ ತಗ್ಗುತ್ತದೆ. ಕಾಡಿನಲ್ಲಿ ದಾರಿತಪ್ಪಿ, ಅರಣ್ಯಾಧಿಕಾರಿಯ ಆಶ್ರಯದಲ್ಲಿದ್ದು ಮನೆಗೆ ಮರಳುವಷ್ಟರಲ್ಲಿ ಪಂದ್ಯ ಮುಗಿದಿದೆ, ಎಂ. ಸಿ. ಸಿ. ಸೋತಿದೆ. ಅಷ್ಟು ಪುಟಗಳಲ್ಲಿ ಸಿದ್ಧವಾದ ಪಂದ್ಯದಲ್ಲಿ ಟೇಟ್ ಒಂದು ಚೆಂಡನ್ನೂ ಎಸೆಯಲಿಲ್ಲ. ರಾಜಂ ಮಾತು ಬಿಟ್ಟ. ಹಿರಿಯರಿಗೆ ಇದೆಷ್ಟರ ಮಾತು? ಸ್ವಾಮಿಗೆ ಇದು ಹೆಡ್‌ಮಾಸ್ತರರ ಬೆತ್ತಕ್ಕಿಂತ ದೊಡ್ಡ ಶಿಕ್ಷೆ. ಇದನ್ನು ಕಸಿದು ಎಸೆಯುವಂತಿಲ್ಲ.

1980ರ ದಶಕದಲ್ಲಿ ಶಂಕರನಾಗ್ ಅವರು ಈ ಕಥೆಯನ್ನು ದೂರದರ್ಶನಕ್ಕೆ ಅಳವಡಿಸಿದಾಗ ಆಗುಂಬೆಯೇ ಮಾಲ್ಗುಡಿಯಾಯಿತು. ಮಾಸ್ಟರ್ ಮಂಜುನಾಥ ಸ್ವಾಮಿಯಾದನು. ನ್ಯಾಮತಿಯಿಂದ ಶಿವಮೊಗ್ಗವನ್ನು ದಾಟಿ ಮುಂದೆ ಸಾಗಿದರೆ, ತಾಳಗುಪ್ಪದ ಮಾರ್ಗದಲ್ಲಿ, ಅದರ ರೈಲ್ವೆ ಸ್ಟೇಷನ್ನಾಗಿ ನಿಂತ ಅರಸಾಳು ಸಿಗುತ್ತದೆ. ಅಲ್ಲಿಯ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು.

ಅಲ್ಲಿಗೆ ಹೋಗುವವರು ಕಾದಂಬರಿಯ ಕೊನೆಯ ಅಧ್ಯಾಯವನ್ನು ಮೊದಲು ಓದಿ ಹೋಗಲಿ. ತಂದೆಗೆ ವರ್ಗವಾಗಿ ರಾಜಂ ಊರು ಬಿಡುತ್ತಿದ್ದಾನೆ. ಸ್ವಾಮಿಯು ಆಂಡರ್ಸನ್ನನ ಕಥೆಗಳ ಪುಸ್ತಕವೊಂದನ್ನು ಕಾಣಿಕೆಯಾಗಿ ತಂದಿದ್ದಾನೆ. ಪುಸ್ತಕ ಗಾಡಿಯೊಳಕ್ಕೆ ಸೇರುತ್ತದೆ. ರಾಜಂ ಏನೋ ಹೇಳುತ್ತಾನೆ, ಗಾಡಿಯ ಸದ್ದಿನಲ್ಲಿ ಅದು ಕೇಳಿಸುವುದಿಲ್ಲ. ಅವನು ಪತ್ರ ಬರೆಯುವನೇ ಎಂದು ಸ್ವಾಮಿಯು ಮಣಿಯನ್ನು ಕೇಳುತ್ತಾನೆ. ಬರೆಯುವನೆಂದು ಮಣಿ ಹೇಳುತ್ತಾನೆ. ಸ್ವಾಮಿಯು ಅವನ ಮುಖವನ್ನು ನೋಡುತ್ತ ನಿಲ್ಲುತ್ತಾನೆ.