ಓಡಿದ್ದು ನಾವು, ಓಡಿಸಿದ್ದು ಅವರು

ಟ್ರೇಲ್ ಅಲ್ಟ್ರಾ ಮ್ಯಾರಥಾನ್ ಮುಗಿದ ಮರುದಿನ ಓಟಗಾರರ ವಾಟ್ಸ್‌ಆ್ಯಪ್ ಗ್ರೂಪನ್ನು ನೀವೊಮ್ಮೆ ನೋಡಬೇಕು. ಮೆಟ್ಟಿಲಿಳಿಯೋಕೆ ಆಗದೆ ಹಿಮ್ಮುಖವಾಗಿ ಇಳಿಯುತ್ತಿರುವವರ ವಿಡಿಯೊ, ಕಪ್ಪುಗಟ್ಟಿದ ಹೆಬ್ಬೆರಳಿನ ಉಗುರು, ಇಂಬಳ ಕಚ್ಚಿ ರಕ್ತ ಸೋರಿದ ಸಾಕ್ಸ್. ಇವುಗಳ ನಡುನಡುವೆ ಸಾಲು ಸಾಲು ಥ್ಯಾಂಕ್ಸ್. ‘ಹೆಸರು ಗೊತ್ತಿಲ್ಲ, ಮೂರನೇ ಏಡ್ ಸ್ಟೇಷನ್ನಿನಲ್ಲಿ ಉಪ್ಪು ಹಚ್ಚಿದ ಆಲೂಗಡ್ಡೆ ಕೊಟ್ಟ ಹುಡುಗೀ, ನೀನು ಚೆನ್ನಾಗಿರಮ್ಮ.’ ‘ನನ್ನ ಟಾರ್ಚ್ ಆರಿಹೋದಾಗ ನನ್ನ ವೇಗಕ್ಕೇ ಓಡಿದ ಹಳದಿ ಜಾಕೆಟ್ಟಿನ ಅಣ್ಣಾ, ಎಲ್ಲಿದ್ದೀರಿ?’

ಬೆಂಗಳೂರಿನ 10ಕೆ ಓಟ ಮುಗಿದಾಗ ಇದೇ ಗ್ರೂಪಿನಲ್ಲಿ ಬರೀ ಟೈಮಿಂಗ್ ಚರ್ಚೆ ಇರುತ್ತೆ. ಯಾರು ಎಷ್ಟು ನಿಮಿಷ, ಯಾವ ಶೂ, ಯಾವ ವಾಚ್. ಕಾಡಿನ ಓಟ ಮುಗಿದಾಗ ಮಾತ್ರ ಎಲ್ಲರೂ ಯಾರನ್ನೋ ನೆನೆಸಿಕೊಳ್ಳುತ್ತಾರೆ. ಕಳೆದ ಬಾರಿ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ 50 ಕಿ.ಮೀ. ಓಡಿ ಬಂದ ಮೇಲೆ ಅದು ಯಾಕೆ ಅಂತ ನನಗೆ ಅರ್ಥವಾಯಿತು.

ಮ್ಯಾರಥಾನ್ ಮುಗಿದಲ್ಲಿಂದ ಶುರು

ಮ್ಯಾರಥಾನ್ ಅಂದರೆ 42.195 ಕಿ.ಮೀ. ಅದಕ್ಕಿಂತ ಉದ್ದದ ಓಟವೆಲ್ಲ ಅಲ್ಟ್ರಾ. ಟಾರು ರಸ್ತೆ ಬಿಟ್ಟು ಬೆಟ್ಟ, ಕಾಡು, ಕಾಲುದಾರಿಗಳಲ್ಲಿ ನಡೆದರೆ ಅದು ಟ್ರೇಲ್ ಅಲ್ಟ್ರಾ. ಯುರೋಪಿನ ಮೋಂಟ್ ಬ್ಲಾಂಕ್ ಪರ್ವತವನ್ನು ಸುತ್ತು ಹಾಕುವ ಯುಟಿಎಂಬಿ 2003ರಲ್ಲಿ ಆರಂಭವಾಗಿ ಈಗ ಜಗತ್ತಿನ ದೊಡ್ಡ ಹೆಸರು. ನಮ್ಮಲ್ಲಿ 2016ರಲ್ಲಿ ಶುರುವಾದ ಮಲ್ನಾಡ್ ಅಲ್ಟ್ರಾ ಬಹಳ ಜನ ಐಟಿ ಉದ್ಯೋಗಿಗಳಿಗೆ ಚಿಕ್ಕಮಗಳೂರಿನ ಮಣ್ಣಿನ ದಾರಿಯ ರುಚಿ ಹತ್ತಿಸಿತು.

ರುಚಿ ಅಂದೆ, ಆದರೆ ಸುಲಭ ಅನ್ನಲಿಲ್ಲ! ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೋಜನ್ ಎಷ್ಟೋ ಜನರಿಗೆ 30 ಕಿ.ಮೀ. ಆಸುಪಾಸಿನಲ್ಲಿ ಬರಿದಾಗುತ್ತೆ. ಆಮೇಲೆ ಕಾಲು ಸೀಸದ ಗುಂಡು. ಹಾಗಾಗಿ ಅಲ್ಟ್ರಾದಲ್ಲಿ ಓಟದಷ್ಟೇ ಮುಖ್ಯ ತಿನ್ನೋದು. ಬಾಳೆಹಣ್ಣು, ಚಿಕ್ಕಿ, ಕಿತ್ತಳೆ, ಬೇಯಿಸಿದ ಆಲೂಗಡ್ಡೆ. ಬೆವರಿನಲ್ಲಿ ಉಪ್ಪು ಹೋಗಿರುವಾಗ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದಕ್ಕೇ ಓಆರ್‌ಎಸ್. ಇನ್ನು ದೊಡ್ಡ ಏರು ಬಂದರೆ ಎಲ್ಲರೂ ನಡೆಯೋದೇ. ಇಲ್ಲಿ ನಡೆದರೆ ಯಾರೂ ನಗಲ್ಲ.

ಈ ಊಟ, ನೀರು ಬೆಟ್ಟದ ಮೇಲೆ ತಾನಾಗಿ ಮೊಳೆಯಲ್ಲ ತಾನೆ? ಯಾರೋ ಜೀಪಿನಲ್ಲಿ ಹೊತ್ತು ತಂದಿರುತ್ತಾರೆ. ನಾವು ದಾರಿ ತಪ್ಪದಿರಲಿ ಅಂತ ಯಾರೋ ಹಿಂದಿನ ದಿನವೇ ತಿರುವು ತಿರುವಿಗೂ ರಿಬ್ಬನ್ ಕಟ್ಟಿರುತ್ತಾರೆ, ಮರುದಿನ ಅದನ್ನೆಲ್ಲ ಬಿಚ್ಚಿ ತರುತ್ತಾರೆ. ಕಟ್ಟಕಡೆಯ ಓಟಗಾರನ ಹಿಂದೆ ಇನ್ನೊಬ್ಬರು ಬರುತ್ತಿರುತ್ತಾರೆ. ಅವರನ್ನು ಸ್ವೀಪರ್ ಅನ್ನುತ್ತೇವೆ. ಹಿಂದೆ ಯಾರೂ ಉಳಿದಿಲ್ಲ ಅಂತ ನೋಡಿಕೊಳ್ಳೋದೇ ಅವರ ಕೆಲಸ. ಅವರಿಗೆ ಪದಕ ಇಲ್ಲ, ಟೈಮಿಂಗ್ ಇಲ್ಲ, ದಿನವಿಡೀ ನಿಧಾನಕ್ಕೆ ನಡೆಯುವ ಶಿಕ್ಷೆ ಬೇರೆ. ನಮ್ಮ ಗ್ರೂಪಿನ ಒಬ್ಬ ನಿವೃತ್ತ ಮೇಷ್ಟ್ರು ಓಡುತ್ತಾ ಲೆಕ್ಕ ಹಾಕಿದ್ದರಂತೆ: ಫಿನಿಶ್ ಲೈನ್ ತಲುಪುವ ಹೊತ್ತಿಗೆ ಅವರಿಗಾಗಿ ಕೈ ಚಾಚಿದವರು ಅರವತ್ತೆರಡು ಜನ. ‘ಮದುವೇಲೂ ನನ್ನನ್ನ ಇಷ್ಟು ಜನ ವಿಚಾರಿಸಿಕೊಂಡಿರಲಿಲ್ಲ’ ಅಂತ ಬರೆದಿದ್ದರು.

38ನೇ ಕಿಲೊಮೀಟರ್

ಅಕ್ಟೋಬರ್ ಅಂದರೆ ಮಲೆನಾಡಿನಲ್ಲಿ ಮಳೆ ಪೂರ್ತಿ ಹೋಗಿರಲ್ಲ. ಮಧ್ಯಾಹ್ನ ಎರಡರ ಮೇಲೆ ಮೋಡ ಇಳಿಯಿತು, ಹಿಂದೆಯೇ ಗಾಳಿ, ಆಮೇಲೆ ಧೋ ಅಂತ ಮಳೆ. ಸಿಲ್ವರ್ ಓಕ್ ಮರಗಳು ಬಗ್ಗಿ ಏಳುತ್ತಿದ್ದವು. ದಾರಿಯೇ ಹಳ್ಳವಾಯಿತು. ನಾವು ನಾಲ್ವರು ಅಪರಿಚಿತರು ಒಂದು ಏರಿನಲ್ಲಿ ಒಟ್ಟಾದೆವು. ಅವರಲ್ಲೊಬ್ಬರು ಮೂವತ್ತೈದರ ಆಸುಪಾಸಿನ ಬ್ಯಾಂಕ್ ಅಧಿಕಾರಿ. ಐದು ವರ್ಷದ ಮಗಳನ್ನು ಗಂಡನ ಹತ್ತಿರ ಬಿಟ್ಟು ಬಂದ ಮೊದಲ ಅಲ್ಟ್ರಾ.

ಸ್ವಲ್ಪ ಹೊತ್ತಿಗೆ ಅವರು ಗಡಗಡ ನಡುಗೋಕೆ ಶುರು ಮಾಡಿದರು. ಜಿಪ್ ಎಳೆಯೋಕೂ ಬೆರಳು ಕೇಳುತ್ತಿರಲಿಲ್ಲ. ‘ಆರಾಮಿದ್ದೀನಿ’ ಅಂದರು, ಆದರೆ ಮಾತು ತೊದಲುತ್ತಿತ್ತು. ಜೊತೆಗಿದ್ದ ಹುಡುಗ ಬೆಟ್ಟ ಹತ್ತಿ ಪಳಗಿದವನು. ನೋಡಿದ ಕೂಡಲೇ, ‘ಇದು ಬರೀ ಛಳಿ ಅಲ್ಲ, ಹೈಪೋಥರ್ಮಿಯಾ. ಇವರನ್ನ ಈಗಲೇ ಒಣಗಿಸಬೇಕು’ ಅಂದ.

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಅದಕ್ಕೆ ಹಿಮಾಲಯವೇ ಆಗಬೇಕಿಲ್ಲ. ಒದ್ದೆ ಬಟ್ಟೆ, ಗಾಳಿ, ಶಕ್ತಿ ಬರಿದಾದ ಮೈ, ಇವು ಮೂರು ಸೇರಿದರೆ ನಮ್ಮ ಘಟ್ಟದಲ್ಲೂ ಸಾಕು. ಓಡುವವರೆಗೆ ಮೈ ಬಿಸಿ ಇರುತ್ತೆ, ಸುಸ್ತಾಗಿ ನಿಂತ ಕೂಡಲೇ ಬಿಸಿ ಸೋರಿಹೋಗುತ್ತೆ.

ಮುಂದಿನ ಏಡ್ ಸ್ಟೇಷನ್ ಇನ್ನೂ ನಾಲ್ಕು ಕಿ.ಮೀ. ದೂರ. ಫೋನಿಗೆ ಸಿಗ್ನಲ್ ಇಲ್ಲ. ಆಗ ತೋಟದ ಕೆಳಗಿಂದ ಪ್ಲಾಸ್ಟಿಕ್ ಗೊಪ್ಪೆ ಹೊದ್ದ ಹೆಂಗಸೊಬ್ಬರು ಕೂಗಿದರು: ‘ಅಲ್ಲಿ ಯಾಕ್ ನಿಂತ್ಕಂಡಿದೀರಾ? ಬನ್ನಿ ಈಕಡೆ!’

ಅದು ತೋಟದ ಕೆಲಸಗಾರರ ಲೈನ್ ಮನೆ. ಒಂದೇ ಕೋಣೆ, ಒಂದು ಒಲೆ. ಆಕೆ ನಮ್ಮನ್ನು ಹೊರಗಿನ ಜಗಲಿಯಲ್ಲೇ ನಿಲ್ಲಿಸಿ, ಬ್ಯಾಂಕ್ ಮೇಡಂ ಅವರನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಒದ್ದೆ ಬಟ್ಟೆ ಬಿಚ್ಚಿಸಿ, ತಮ್ಮ ಒಣ ಸೀರೆ ಸುತ್ತಿ, ಮೇಲೆ ಎರಡು ಕಂಬಳಿ ಹೊದಿಸಿದರು. ಬೆಲ್ಲದ ಕಾಫಿ ಕಾಯಿಸಿ ಗುಟುಕು ಗುಟುಕಾಗಿ ಕುಡಿಸಿದರು. ವೈದ್ಯರು ಹೇಳುವ ಪ್ರಥಮ ಚಿಕಿತ್ಸೆಯೂ ಇದೇ: ಒದ್ದೆ ತೆಗಿ, ಒಣದು ಹೊದಿಸು, ಎಚ್ಚರವಿದ್ದು ನುಂಗೋಕೆ ಆಗುತ್ತಿದ್ದರೆ ಮಾತ್ರ ಸಿಹಿಯಾದ ಬೆಚ್ಚಗಿನ ಪಾನೀಯ ಕೊಡು, ಕೈಕಾಲು ಜೋರಾಗಿ ಉಜ್ಜಬೇಡ. ಆಕೆಗೆ ಇದನ್ನು ಯಾರೂ ಪಾಠ ಮಾಡಿರಲಿಲ್ಲ. ಮಳೆಗಾಲದ ಮಲೆನಾಡೇ ಕಲಿಸಿತ್ತು.

ನಮ್ಮಲ್ಲೊಬ್ಬರು ಸುದ್ದಿ ಮುಟ್ಟಿಸೋಕೆ ಮುಂದೆ ಓಡಿದರು. ಮುಕ್ಕಾಲು ಗಂಟೆಯಲ್ಲಿ ಸ್ವೀಪರ್ ಬಂದರು, ಜೀಪೂ ಬಂತು. ಅಷ್ಟರಲ್ಲಿ ಮೇಡಂ ಕೆನ್ನೆಗೆ ಬಣ್ಣ ಬಂದಿತ್ತು, ಮಾತು ನೆಟ್ಟಗಾಗಿತ್ತು. ಓಟ ಅಲ್ಲಿಗೇ ಮುಗಿಯಿತು ಅಂತ ಗೊತ್ತಾದಾಗ ಅವರ ಕಣ್ಣು ತುಂಬಿತು. ಮನೆಯೊಡತಿ ತಲೆ ನೇವರಿಸಿ, ‘ಬೆಟ್ಟ ಎಲ್ಲಿಗೂ ಹೋಗಲ್ಲ ಬಿಡವ್ವಾ, ನೀನು ಮನೆಗೋಗು’ ಅಂದರು. ಆಮೇಲೆ ನಮ್ಮ ಕಡೆ ತಿರುಗಿ ನಗುತ್ತಾ ಕೇಳಿದರು: ‘ನಾವು ದಿನಾ ಹತ್ತೋ ಗುಡ್ಡನ ನೀವು ದುಡ್ಡು ಕೊಟ್ಟು ಹತ್ತುತೀರಂತೆ, ಹೌದಾ?’

ನಾವೂ ನಕ್ಕೆವು. ಆದರೆ ಆ ಪ್ರಶ್ನೆ ಉಳಿದ 12 ಕಿಲೊಮೀಟರೂ ನನ್ನ ಜೊತೆ ಓಡಿತು. ನಾವು ‘ಟ್ರೇಲ್’ ಅನ್ನುವ ದಾರಿ ಯಾರದೋ ಆಫೀಸಿಗೆ ಹೋಗುವ ದಾರಿ. ಕಾಫಿ ಹಣ್ಣಾದಾಗ ಮೂಟೆ ಹೊತ್ತು ಅವರು ಇಳಿಯುವುದು ಇದೇ ಜಾರುವ ಮಣ್ಣಿನಲ್ಲಿ. ಅವರಿಗೆ ಗ್ರಿಪ್ ಇರುವ ಶೂ ಇಲ್ಲ, ಚಪ್ಪಾಳೆ ತಟ್ಟುವವರೂ ಇಲ್ಲ.

ಗುಹೆಯಲ್ಲಿದ್ದ ಕುರಿಗಾಹಿ

ಇಂಥ ಋಣ ಎಷ್ಟು ದೊಡ್ಡದು ಅಂತ ತಿಳಿಯೋಕೆ ಚೀನಾದ ಒಂದು ಘಟನೆ ನೆನಪಿಸಿಕೊಳ್ಳಬೇಕು. 2021ರ ಮೇ 22ರಂದು ಗಾನ್ಸು ಪ್ರಾಂತ್ಯದ ಬೆಟ್ಟಗಳಲ್ಲಿ 100 ಕಿ.ಮೀ. ಟ್ರೇಲ್ ಓಟ ನಡೆದಿತ್ತು. 172 ಜನ ಹೊರಟಿದ್ದರು. ಮಧ್ಯಾಹ್ನದ ಹೊತ್ತಿಗೆ ಆಲಿಕಲ್ಲು, ಕೊರೆಯುವ ಮಳೆ, ಬಿರುಗಾಳಿ. ಎಷ್ಟೋ ಜನ ಟೀ ಶರ್ಟ್, ಚಡ್ಡಿಯಲ್ಲಿದ್ದರು. ದೇಶದ ಹೆಸರಾಂತ ಓಟಗಾರರೂ ಸೇರಿ 21 ಜನ ಸತ್ತುಹೋದರು.

ಅದೇ ಬೆಟ್ಟದಲ್ಲಿ ಝು ಕೆಮಿಂಗ್ ಎಂಬ ಕುರಿಗಾಹಿ ಮಳೆಗೆ ಹೆದರಿ ಗುಹೆ ಸೇರಿದ್ದರು. ಹೊರಗೆ ನಡುಗುತ್ತಾ ನಿಂತಿದ್ದ ಒಬ್ಬ ಓಟಗಾರನನ್ನು ಕಂಡು ಒಳಗೆ ಕರೆತಂದರು, ಬೆಂಕಿ ಹಾಕಿದರು, ಹೊದಿಕೆ ಕೊಟ್ಟರು. ಹೀಗೆ ಆ ದಿನ ಅವರು ಉಳಿಸಿದ್ದು ಆರು ಜೀವ. ಜಿಪಿಎಸ್ ವಾಚುಗಳು ಇದ್ದವು, ಬೇಕಾಗಿದ್ದದ್ದು ಬೆಂಕಿ ಹಾಕಬಲ್ಲ ಕೈ.

ಥ್ಯಾಂಕ್ಸ್ ಹೇಳೋದು ಹೇಗೆ?

ಗ್ರೂಪಿನಲ್ಲಿ ಕೈಮುಗಿಯುವ ಇಮೋಜಿ ಹಾಕೋದು ಸುಲಭ. ಅದನ್ನು ದಾಟಿ ಏನು ಮಾಡಬಹುದು ಅಂತ ನಮ್ಮಲ್ಲೇ ಮಾತುಕತೆ ನಡೆಯಿತು. ಈ ವರ್ಷ ಮೊದಲ ಟ್ರೇಲ್‌ಗೆ ಹೆಸರು ಕೊಟ್ಟಿದ್ದರೆ ನಿಮಗೂ ಉಪಯೋಗಕ್ಕೆ ಬರಬಹುದು.

- ಗಾಳಿ-ಮಳೆ ತಡೆಯುವ ಜಾಕೆಟ್, ಮಡಚಿದರೆ ಅಂಗೈಯಲ್ಲಿ ಹಿಡಿಯುವ ಎಮರ್ಜೆನ್ಸಿ ಬ್ಲಾಂಕೆಟ್, ಒಂದು ಸೀಟಿ ಬ್ಯಾಗಿನಲ್ಲಿರಲಿ. ನಿಮಗೆ ಬೇಡವಾದರೂ ಪಕ್ಕದವರಿಗೆ ಬೇಕಾದೀತು.
- ಜೊತೆಗಾರರ ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ನಿಲ್ಲಿ. ಜೋರು ನಡುಕ ಮೈ ಬೆಚ್ಚಗಾಗದೆಯೇ ನಿಂತುಹೋದರೆ ಅದು ಇನ್ನೂ ದೊಡ್ಡ ಅಪಾಯ.
- ಜೆಲ್ ಪ್ಯಾಕೆಟ್ಟಿನ ತುಂಡನ್ನೂ ತೋಟದಲ್ಲಿ ಎಸೆಯಬೇಡಿ. ಅದನ್ನು ಹೆಕ್ಕೋದು ಅಲ್ಲಿನ ಕೆಲಸಗಾರರೇ.
- ದಾರಿಯಲ್ಲಿ ಸಿಕ್ಕವರಿಗೆ ಒಂದು ನಮಸ್ಕಾರ ಹೇಳಿ. ಕೇಳದೆ ಅವರ ಫೋಟೊ ತೆಗೆಯಬೇಡಿ.
- ಎರಡು ಓಟ ಓಡಿದರೆ ಒಂದಕ್ಕೆ ವಾಲಂಟಿಯರ್ ಆಗಿ ಹೋಗಿ.

ಬ್ಯಾಂಕ್ ಮೇಡಂ ಜನವರಿಯಲ್ಲಿ ಗಂಡ, ಮಗಳ ಜೊತೆ ಆ ಲೈನ್ ಮನೆಗೆ ಹೋಗಿ ಬಂದರು. ಕಾಫಿ ಕೊಯ್ಲಿನ ಕಾಲ. ಒಯ್ದ ಹೊಸ ಸೀರೆ, ಕಂಬಳಿಗಳನ್ನು ಆ ತಾಯಿ ಮೊದಲು ಬೇಡ ಅಂದರಂತೆ, ಆಮೇಲೆ ಮಗಳ ಕೈಯಿಂದ ಕೊಡಿಸಿದಾಗ ಇಸಿದುಕೊಂಡರಂತೆ. ವಾಪಸ್ ಬರುವಾಗ ಒಂದು ಪೊಟ್ಟಣ ಕಾಳುಮೆಣಸು ಕಟ್ಟಿಕೊಟ್ಟರಂತೆ. ‘ಋಣ ತೀರಿಸೋಕೆ ಹೋಗಿ ಇನ್ನಷ್ಟು ಹೊತ್ತುಕೊಂಡು ಬಂದೆ’ ಅಂತ ಗ್ರೂಪಿನಲ್ಲಿ ಬರೆದರು. ಪದಕ ಸಿಗದ ಅವರ ಥ್ಯಾಂಕ್ಸ್ ನಮ್ಮೆಲ್ಲರದಕ್ಕಿಂತ ಉದ್ದವಿತ್ತು.

ಮುಂದಿನ ಬಾರಿ ಅವರು ಓಡುತ್ತಿಲ್ಲ. ಆ ಏರು ಮುಗಿದ ಮೇಲೆ ಸಿಗುವ ಏಡ್ ಸ್ಟೇಷನ್ನಿನಲ್ಲಿ ಒಣ ಟವೆಲ್, ಬಿಸಿ ಕಾಫಿ ಹಿಡಿದು ನಿಲ್ಲುತ್ತಾರಂತೆ. ಪಕ್ಕದಲ್ಲಿ ಆಲೂಗಡ್ಡೆಗೆ ಉಪ್ಪು ಹಚ್ಚುವ ಕೆಲಸಕ್ಕೆ ನಾನು ಹೆಸರು ಕೊಟ್ಟಿದ್ದೇನೆ. ಆ ಕಡೆ ಬಂದರೆ ಒಂದೆರಡು ತುಂಡು ತಿಂದೇ ಮುಂದೆ ಹೋಗಿ.